ಜಲಪಾತ ನೋಡಿದ್ದಾಯ್ತು, ಗದ್ದೆಗೂ ಬನ್ನಿ

ನಮ್ಮ ಸೀಮೆಗೆ ಬರುವವರು ಯಲ್ಲಾಪುರದಲ್ಲಿ ಮಾಗೋಡು, ಸಾತೊಡ್ಡಿ ನೋಡುತ್ತಾರೆ. ಸಿದ್ದಾಪುರದಲ್ಲಿ ಉಂಚಳ್ಳಿ, ಶಿರಸಿಯಲ್ಲಿ ಮಾರಿಕಾಂಬೆ, ಸಹಸ್ರಲಿಂಗ, ಸೋಂದಾ ಮಠ. ಎಲ್ಲವೂ ನೋಡಬೇಕಾದವೇ. ಆದರೆ ಗದ್ದೆ ನೋಡಲೆಂದೇ ಬಂದವರು ತೀರಾ ಕಡಿಮೆ. ಸಿದ್ದಾಪುರದ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಯಲ್ಲಾಪುರ ಕಡೆಗೆ ಬಂದ ನನಗೆ ಈ ಮೂರು ತಾಲೂಕುಗಳಲ್ಲಿ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ.

ಫಿಲಿಪ್ಪೀನ್ಸ್ ದೇಶದ ಇಫುಗಾವೊ ಎಂಬ ಗುಡ್ಡಗಾಡಿಗೆ ಜಗತ್ತಿನ ಜನ ಗದ್ದೆ ನೋಡಲೆಂದೇ ಹೋಗುತ್ತಾರೆ. ಬೆಟ್ಟದ ಬುಡದಿಂದ ನೆತ್ತಿಯ ಹತ್ತಿರದವರೆಗೆ ಕಲ್ಲು, ಮಣ್ಣಿನ ಗೋಡೆ ಕಟ್ಟಿ ಮಾಡಿದ ಮೆಟ್ಟಿಲು ಗದ್ದೆಗಳು ಅವು. 1995ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಅಲ್ಲಿನವರು ಗದ್ದೆಯ ಮೇಲ್ಗಡೆ ‘ಮುಯೊಂಗ್’ ಎಂಬ ಕಾಡನ್ನು ಮನೆತನಕ್ಕಿಷ್ಟು ಎಂದು ಕಾಯ್ದುಕೊಂಡು ಬಂದಿದ್ದಾರೆ. ಕಾಡು ಹಿಡಿದಿಟ್ಟ ಮಳೆನೀರೇ ಗದ್ದೆಯಿಂದ ಗದ್ದೆಗೆ ಇಳಿಯುವುದು. ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ತವರಿನ ಸೊಪ್ಪಿನ ಬೆಟ್ಟ.

ನಮ್ಮ ಗದ್ದೆಗಳಿಗೆ ಅಂಥ ಎತ್ತರವಿಲ್ಲ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ, ಅಡಿಕೆ ತೋಟದ ಪಕ್ಕದಲ್ಲಿ, ಒಂದಕ್ಕಿಂತ ಒಂದು ಮೊಳವೋ ಎರಡು ಮೊಳವೋ ತಗ್ಗಾಗಿ ಇಳಿಯುತ್ತವೆ. ಮೇಲಿನವು ಮಳೆಯನ್ನೇ ನಂಬಿದ ಮಕ್ಕಿಗದ್ದೆ, ಕೆಳಗಿನವು ಬೈಲುಗದ್ದೆ. ಆದರೆ ಅಲ್ಲಿಗೂ ಇಲ್ಲಿಗೂ ಬದುಕುವ ಕ್ರಮ ಒಂದೇ. ಬೆಟ್ಟದ ಸೊಪ್ಪು, ದರಕು (ಒಣ ಎಲೆ) ಕೊಟ್ಟಿಗೆಗೆ ಬರುತ್ತದೆ, ದನದ ಕಾಲಡಿ ಗೊಬ್ಬರವಾಗಿ ತೋಟಕ್ಕೂ ಗದ್ದೆಗೂ ಹೋಗುತ್ತದೆ. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಸೊಪ್ಪಿನ ಬೆಟ್ಟ ಬಿಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಕಾಡು ಕಡಿದರೆ ಒರತೆ ಬತ್ತುತ್ತದೆ, ಗದ್ದೆ ಒಣಗುತ್ತದೆ ಎಂಬುದು ಇಲ್ಲಿನವರಿಗೆ ಕಣ್ಣಾರೆ ಗೊತ್ತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿ ಭಾಗದ ಹೆಂಗಸರು, ಗಂಡಸರು ಮರಗಳನ್ನು ಅಪ್ಪಿ ನಿಂತು ಅಪ್ಪಿಕೊ ಚಳವಳಿ ಶುರುಮಾಡಿದ್ದು ಸುಮ್ಮನೆ ಅಲ್ಲ.

ಗದ್ದೆಯನ್ನು ಹತ್ತಿರದಿಂದ ನೋಡಬೇಕೆಂದರೆ ಜುಲೈನಲ್ಲಿ ಬನ್ನಿ. ಉಂಬಳಕ್ಕೆ (ಜಿಗಣೆ) ಹೆದರಬೇಡಿ, ಸ್ವಲ್ಪ ಸುಣ್ಣವೋ ಉಪ್ಪೋ ಕೈಯಲ್ಲಿದ್ದರೆ ಸಾಕು. ನಟ್ಟಿಗೆ ಮೊದಲು ಹಾಳಿಯ, ಅಂದರೆ ಗದ್ದೆಯ ಬದುವಿನ, ಹುಲ್ಲು ಕೆತ್ತಿ, ಏಡಿ ಕೊರೆದ ಬಿಲಗಳನ್ನು ಕಾಲಲ್ಲಿ ತುಳಿದು ಮುಚ್ಚಿ, ಕೆಸರು ಮೆತ್ತಿ ಅಂಗೈಯಿಂದ ಸವರುತ್ತಾರೆ. ಒಂದು ಬಿಲ ಕಣ್ತಪ್ಪಿದರೆ ರಾತ್ರಿ ಬೆಳಗಾಗುವುದರೊಳಗೆ ಮೇಲಿನ ಗದ್ದೆಯ ನೀರೆಲ್ಲ ಕೆಳಗಿನದಕ್ಕೆ. ನೀರು ಬಿಡುವ ಕಂಡಿಯನ್ನು ಎಷ್ಟು ತೆರೆಯಬೇಕು, ಯಾವಾಗ ಒಂದು ಹೆಂಟೆ ಮಣ್ಣು ಇಟ್ಟು ಕಟ್ಟಬೇಕು ಎಂಬ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಬಲ್ಲವರು ಬಹುಪಾಲು ಕೂಲಿಗೆ ಬರುವ ಹಿರಿಯ ಹೆಂಗಸರು. ಅವರೊಡನೆ ಅರ್ಧ ದಿನ ಸಸಿ ಕಿತ್ತರೂ ಸಾಕು, ಅನ್ನ ಚೆಲ್ಲುವ ಮನಸ್ಸು ಬರುವುದಿಲ್ಲ.

ಇನ್ನೊಂದು ಹೊತ್ತು ಶೀಗೆ ಹುಣ್ಣಿಮೆ, ಇದೇ ಭೂಮಿ ಹುಣ್ಣಿಮೆ. ಭತ್ತ ಹೊಡೆಯಾಗುವ ಕಾಲ, ಅಂದರೆ ಭೂಮಿತಾಯಿ ಬಸುರಿ. ಸಿದ್ದಾಪುರದ ದೀವರು ಸಮುದಾಯದ ಮನೆಗಳಲ್ಲಿ ಅದಕ್ಕೆ ಮೊದಲೇ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆದು ‘ಭೂಮಣ್ಣಿ ಬುಟ್ಟಿ’ ಸಿದ್ಧವಾಗಿರುತ್ತದೆ. ಹಬ್ಬದ ಹಿಂದಿನ ರಾತ್ರಿ ಹೆಂಗಸರು ನಿದ್ದೆ ಮಾಡುವುದಿಲ್ಲ. ಹತ್ತಾರು ಬಗೆಯ ಸೊಪ್ಪು, ಅಮಟೆಕಾಯಿ ಸೇರಿಸಿ ಹಚ್ಚಂಬಲಿ ಬೇಯಿಸುತ್ತಾರೆ, ಕಡುಬು ಕಟ್ಟುತ್ತಾರೆ. ಬೆಳಕು ಹರಿಯುವ ಮೊದಲೇ ಮನೆಯವರು ಬುಟ್ಟಿ ಹೊತ್ತು ಹೋಗಿ, ಗದ್ದೆ ತುಂಬ ಹಚ್ಚಂಬಲಿ ಬೀರಿ, ಭೂಮಿಗೆ ಬಯಕೆಯೂಟ ಬಡಿಸುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಹಾಳಿಯ ಮೇಲೆ ಕೂತು ಉಣ್ಣುವುದು. ಇಫುಗಾವೊದಲ್ಲಿ ಬಿತ್ತನೆ, ಕೊಯ್ಲಿನ ಹೊತ್ತಿಗೆ ಹೆಂಗಸರು ಹಾಡುವ ‘ಹುಡ್‌ಹುಡ್’ ಕಥನಗಳನ್ನು ಯುನೆಸ್ಕೊ ಗೌರವಿಸಿದೆ. ನಮ್ಮ ಭೂಮಿ ಹುಣ್ಣಿಮೆ ಅದಕ್ಕೆ ಯಾವುದರಲ್ಲೂ ಕಡಿಮೆಯಲ್ಲ.

ಊಟದ ಮಾತಿಗೆ ಬರುತ್ತೇನೆ. ಹವ್ಯಕರ ಎಲೆಯಲ್ಲಿ ಮೊದಲು ತಂಬುಳಿ. ಗದ್ದೆ ಹಾಳಿಯಲ್ಲೋ ತೋಟದ ತೇವದಲ್ಲೋ ಹಬ್ಬಿದ ಒಂದೆಲಗ ತಂದು, ತುಪ್ಪದಲ್ಲಿ ಹುರಿದ ಜೀರಿಗೆ, ಕಾಳುಮೆಣಸು, ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಆಯಿತು. ಕುದಿಸುವಂತಿಲ್ಲ. ಬಿಸಿ ಅನ್ನಕ್ಕೆ ಈ ತಣ್ಣನೆಯ ತಂಬುಳಿ ಕಲಸಿ ಉಂಡವರು ಮರೆಯುವುದಿಲ್ಲ. ಕೆಸುವಿನ ಕರ್ಕ್ಲಿ, ಕಳಲೆ ಪಲ್ಯ, ಮಿಡಿ ಉಪ್ಪಿನಕಾಯಿ ಆದಮೇಲೆ ಲೋಟದಲ್ಲಿ ಅಪ್ಪೆಹುಳಿ. ಹೊಳೆದಂಡೆಯ ಅಪ್ಪೆಮಾವಿನ ಘಮ ಅದರಲ್ಲೇ ಸವಿಯಬೇಕು. ಬೆಳಗಿನ ತಿಂಡಿಗೆ ಸೌತೆಕಾಯಿ ತೆಳ್ಳೇವು, ಮೇಲೆ ಜೋನಿಬೆಲ್ಲ, ತುಪ್ಪ. ಆಲೆಮನೆ ಕಾಲದಲ್ಲಿ ಬಂದರೆ ತೊಡೆದೇವು: ಬೋರಲು ಹಾಕಿದ ಗಡಿಗೆಯ ಬೆನ್ನು ಕಾಯಿಸಿ, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯಿಂದ ಒಂದೇ ಬೀಸಿಗೆ ಎಳೆದು, ಕಾಗದದಷ್ಟು ತೆಳ್ಳಗೆ ಎಬ್ಬಿಸಿ ಬಿಸಿಯಿರುವಾಗಲೇ ಮಡಚಬೇಕು.

ಹಾಗೆಂದು ಈ ಸೀಮೆಯ ಊಟವೆಂದರೆ ಹವ್ಯಕರದಷ್ಟೇ ಎಂದು ತಿಳಿದರೆ ಅನ್ಯಾಯ. ಮೊದಲ ಮಳೆಗೆ ಗದ್ದೆಗೆ ಏರಿಬರುವ ಹತ್ತುಮೀನು, ಏಡಿ ಸಾರು, ಗುಡುಗಿನ ನಂತರ ಹುತ್ತದ ಬಳಿ ಏಳುವ ಅಣಬೆ, ಯಲ್ಲಾಪುರದ ಕಾಡಂಚಿನ ಸಿದ್ದಿಗಳ ಚಗಳಿ ಇರುವೆ ಚಟ್ನಿ, ಇವೂ ಇದೇ ನೆಲದ ಅಡುಗೆ.

ಆದರೆ ಗದ್ದೆ ಕಿರಿದಾಗುತ್ತಿದೆ. ಅಡಿಕೆಗೆ ದರವಿದೆ, ಭತ್ತಕ್ಕಿಲ್ಲ. ನಟ್ಟಿಗೆ ಆಳು ಸಿಗುವುದಿಲ್ಲ, ಹಂದಿ, ನವಿಲು, ಮಂಗನ ಕಾಟ ಬೇರೆ. ನೀರು ನಿಲ್ಲುತ್ತಿದ್ದ ಬೈಲುಗದ್ದೆಗೆ ಬಸಿಗಾಲುವೆ ತೆಗೆದು ಅಡಿಕೆ ಸಸಿ ಇಡುತ್ತಿದ್ದಾರೆ. ಮಾಡಿದವರನ್ನು ನಾನು ದೂರುವುದಿಲ್ಲ, ಅವರ ಸಂಸಾರ ನಡೆಯಬೇಕು. ಆದರೆ ಗದ್ದೆಯಲ್ಲಿ ನಿಂತ ನೀರೇ ಕೆಳಗಿನ ಬಾವಿಗೆ ಇಂಗುತ್ತಿದ್ದದ್ದು ಎಂಬುದನ್ನು ಮರೆಯಬಾರದು. ಇಫುಗಾವೊದಲ್ಲೂ ಎಳೆಯರು ಊರು ಬಿಟ್ಟು ಗೋಡೆಗಳು ಕುಸಿಯತೊಡಗಿ, 2001ರಲ್ಲಿ ಆ ಗದ್ದೆಗಳು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿದ್ದವು. ಗೋಡೆ, ಕಾಲುವೆ ದುರಸ್ತಿಯಾಗಿ 2012ರಲ್ಲಿ ಪಟ್ಟಿಯಿಂದ ಹೊರಬಂದವು. ಮನಸ್ಸು ಮಾಡಿದರೆ ಉಳಿಸಿಕೊಳ್ಳಬಹುದು.

ಆದ್ದರಿಂದ ಓದುಗರಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಬಂದಾಗ ಹಳ್ಳಿಯ ಮನೆಯಲ್ಲಿ ಉಳಿಯಿರಿ, ಹಾಳಿಯ ಮೇಲೆ ನಡೆಯುವ ಮೊದಲು ಗದ್ದೆಯವರನ್ನು ಕೇಳಿ, ಹೊರಡುವಾಗ ಅದೇ ಗದ್ದೆಯ ಅಕ್ಕಿಯನ್ನು ಚೌಕಾಸಿ ಮಾಡದೆ ಕೊಂಡೊಯ್ಯಿರಿ.