ಶವದ ಸಾಕ್ಷ್ಯ

ಸತ್ತವರು ನುಡಿಯರೆಂಬುದು ಲೋಕರೂಢಿ. ಶವಪರೀಕ್ಷಕನ ಮುಂದೆ ಆ ಮಾತು ನಿಲ್ಲದು. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಹೊಮ್ಮಿ ಸಾವಿರಾರು ಜನ ಮಡಿದರು. ಉಸಿರಿಗಾಗಿ ಪರದಾಡುತ್ತ ಬಂದವರ ಒಡಲು ಹೊಕ್ಕ ವಿಷ ಯಾವುದೆಂದು ಹಮೀದಿಯಾ ಆಸ್ಪತ್ರೆಯ ವೈದ್ಯರಿಗೆ ತಿಳಿಯದು. ನ್ಯಾಯವೈದ್ಯಶಾಸ್ತ್ರಜ್ಞ ಹೀರೇಶ್ ಚಂದ್ರರು ಶವಗಳನ್ನು ಪರೀಕ್ಷಿಸಿದಾಗ ನೆತ್ತರು ಚೆರಿ ಹಣ್ಣಿನಂತೆ ಕೆಂಪಾಗಿತ್ತು. ಅದು ಸಯನೈಡಿನ ಕುರುಹೆಂದು ಬಗೆದು, ಬದುಕುಳಿದವರಿಗೆ ಸೋಡಿಯಂ ಥಯೋಸಲ್ಫೇಟ್ ಕೊಡಬೇಕೆಂದರು. ಮದ್ದಿನ ಬಗೆಗೆ ವಾದವೆದ್ದಿತು. ಅಮೂಲ್ಯವಾದ ದಿನಗಳು ಕಳೆದುಹೋದವು.

ಶವಾಗಾರದ ಅರಿವು ರೋಗಿಯ ಹಾಸಿಗೆಯನ್ನು ಮುಟ್ಟುವ ದಾರಿ ವಿಪತ್ತಿಗೆ ಮುನ್ನವೇ ಸಿದ್ಧವಾಗಿರಬೇಕು. ಕಾರ್ಖಾನೆಯಲ್ಲಿರುವ ವಿಷದ ಹೆಸರು, ಅದಕ್ಕೆ ತಕ್ಕ ಮದ್ದು, ನೆತ್ತರನ್ನು ಪರೀಕ್ಷಿಸುವ ಪ್ರಯೋಗಶಾಲೆ ಇವೆಲ್ಲ ಊರಿನ ಆಸ್ಪತ್ರೆಗೆ ಮೊದಲೇ ಒದಗಿರಬೇಕು. ಇಲ್ಲವಾದರೆ ಶವದ ಸಾಕ್ಷ್ಯ ನ್ಯಾಯಾಲಯಕ್ಕಷ್ಟೇ ಸಲ್ಲುತ್ತದೆ, ಬದುಕಿರುವವರಿಗೆ ಒದಗುವುದಿಲ್ಲ.