ಮೆಣಸಿನಕಾಯಿ ಹೇಳುವ ಕತೆ



"ಈಗಿನ ಮಕ್ಕಳಿಗೆ ನಮ್ಮ ಸಂಸ್ಕೃತಿಯೇ ಗೊತ್ತಿಲ್ಲ" ಎಂಬ ಹಿರಿಯರ ಗೊಣಗಾಟ ನಿಮ್ಮ ಕಿವಿಗೂ ಬಿದ್ದಿರಬೇಕು. ನಾನೂ ಹಾಗೆ ಗೊಣಗಿದವನೇ. ಆದರೆ ಈ 'ನಮ್ಮ ಸಂಸ್ಕೃತಿ' ಎಂದಾದರೂ ನಿಂತ ನೀರಾಗಿತ್ತೇ? ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ.

ಮೆಣಸಿನಕಾಯಿಯಿಲ್ಲದ ಒಗ್ಗರಣೆ, ಆಲೂಗಡ್ಡೆ ಪಲ್ಯವಿಲ್ಲದ ಮಸಾಲೆ ದೋಸೆ ಊಹಿಸಬಲ್ಲಿರಾ? ಇವೆರಡೂ ಅಮೆರಿಕ ಖಂಡದ ಬೆಳೆಗಳು. ಟೊಮೇಟೊ, ಶೇಂಗಾ ಕೂಡ ಅಲ್ಲಿಯವೇ. 1492ರಲ್ಲಿ ಕೊಲಂಬಸ್ ಅತ್ತ ಹೋದ ಮೇಲಷ್ಟೇ ಅವು ಸಮುದ್ರ ದಾಟಿದ್ದು. 1510ರಲ್ಲಿ ಗೋವೆಯನ್ನು ಗೆದ್ದ ಪೋರ್ಚುಗೀಸರಿಂದ ಮೆಣಸಿನಕಾಯಿ ನಮ್ಮ ಕರಾವಳಿಗೆ ಬಂತು. ಆ ಶತಮಾನದ ಆರಂಭದಲ್ಲಿದ್ದ ಕವಿ ಮೂರನೆಯ ಮಂಗರಸ ಅಡುಗೆಯ ಮೇಲೆಯೇ 'ಸೂಪಶಾಸ್ತ್ರ' ಎಂಬ ಕೃತಿ ಬರೆದ. ಬದನೆ, ಬಾಳೆ, ಹಲಸು ಅಲ್ಲಿವೆ, ಮೆಣಸಿನಕಾಯಿ ಇಲ್ಲ. ಆಗ ಖಾರಕ್ಕೆ ಕರಿಮೆಣಸು, ಹಿಪ್ಪಲಿ, ಶುಂಠಿಯೇ ಗತಿ.

ನಮ್ಮ ಪೂರ್ವಿಕರು ಈ ಪರದೇಶಿಗೆ ಬಾಗಿಲು ಮುಚ್ಚಲಿಲ್ಲ. ತಮಗೆ ಗೊತ್ತಿದ್ದ ಮೆಣಸಿನ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದು ಕರೆದರು. ಇಂದು ಹಾವೇರಿ ಜಿಲ್ಲೆಯ ಬ್ಯಾಡಗಿ ಎಂದೊಡನೆ ನೆನಪಾಗುವುದೇ ಅದು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಹಾಗೆಂದು ಹಳೆಯದು ಅಳಿಯಲಿಲ್ಲ. ಅನೇಕ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಇಂದಿಗೂ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ ಸಲ್ಲದು, ಕರಿಮೆಣಸೇ ಆಗಬೇಕು. ಅಗಲಿದ ಹಿರಿಯರಿಗೆ ಹಳೆಯ ಕಾಲದ ಊಟ!

ಹೊಸ ಪದಾರ್ಥದಿಂದ ನಮ್ಮ ಅಡುಗೆ ಕೆಡಲಿಲ್ಲ. ಏಕೆಂದರೆ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಅಡುಗೆಯ ಹದ ಕೈಯಿಂದ ಕೈಗೆ ಬಂತು. ಭಾಷೆಯೂ ಹಾಗೆಯೇ. ಅರಬ್ಬಿ ಮೂಲದ 'ಕುರ್ಚಿ', ಪೋರ್ಚುಗೀಸ್ ಮೂಲದ 'ಚಾವಿ' ಕನ್ನಡವೇ ಆಗಿಹೋಗಿವೆ. ಮುಂಬಯಿಯ ಮರಾಠಿಯೋ ಚೆನ್ನೈನ ತಮಿಳೋ ನಿಮ್ಮ ಕನ್ನಡದಲ್ಲಿ ಬೆರೆತರೆ ನಾನಿನ್ನು ಗೊಣಗುವುದಿಲ್ಲ. ನನ್ನ ಭಯವೇ ಬೇರೆ. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ನೀವು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸುತ್ತೀರಿ. ನಾಳೆ ನಿಮ್ಮ ಮಕ್ಕಳಿಗೆ ಕನ್ನಡದಲ್ಲಿ ಕೇಳುವವರು ಯಾರು? ಪದಾರ್ಥ ಅಂಗಡಿಯಲ್ಲಿ ಸಿಗುತ್ತದೆ, ಹದ ಸಿಗುವುದಿಲ್ಲ. ಒಂದು ತಲೆಮಾರು ಕೈಬಿಟ್ಟರೆ ಮುಂದಿನವರಿಗೆ ದಾಟಿಸಲು ಏನೂ ಉಳಿಯದು.

ಈ ಭಾನುವಾರ ಅಜ್ಜಿಯ ಬಳಿಯೋ ಅಮ್ಮನ ಬಳಿಯೋ ಕುಳಿತು ಸಾರಿನ ಪುಡಿಯ ಅಳತೆ ಕೇಳಿ ಬರೆದುಕೊಳ್ಳಿ. ಗಂಡುಮಕ್ಕಳೂ ಕೇಳಿ. ಕನ್ನಡದಲ್ಲೇ ಕೇಳಿ. ನಡುವೆ ನಾಲ್ಕು ಮರಾಠಿ ಮಾತು ಬಂದರೂ ಸರಿಯೇ, ಅಜ್ಜಿ ಖಂಡಿತ ಬೇಸರಪಡಲಾರರು.