ಬ್ಯಾಟರಿಯಿಲ್ಲದ ಮನೆಯಲ್ಲಿ ಕಾರ್ ಸ್ಟೀರಿಯೊ

ಅಮೆರಿಕದ ಶಿಕಾಗೊ ನಗರದಲ್ಲಿ 1928ರಲ್ಲಿ ಪಾಲ್ ಗಾಲ್ವಿನ್ ಮತ್ತು ಜೋಸೆಫ್ ಗಾಲ್ವಿನ್ ಸೋದರರು ಆರಂಭಿಸಿದ ಸಣ್ಣ ಕಾರ್ಖಾನೆಯ ಮೊದಲ ಸರಕು ‘ಬ್ಯಾಟರಿ ಎಲಿಮಿನೇಟರ್’. ಬ್ಯಾಟರಿಗಳಿಂದಲೇ ನಡೆಯುತ್ತಿದ್ದ ಅಂದಿನ ರೇಡಿಯೊಗಳಿಗೆ ಮನೆಯ ವಿದ್ಯುತ್ತನ್ನು ಒಗ್ಗಿಸಿಕೊಡುವ ಪೆಟ್ಟಿಗೆ ಅದು. ಗೋಡೆಯ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಬಹುದಾದ ರೇಡಿಯೊಗಳು ಬಂದು ಎಲಿಮಿನೇಟರಿನ ಬೇಡಿಕೆ ಕುಸಿದಾಗ, ಅದೇ ಸಂಸ್ಥೆ ವಾಹನಗಳತ್ತ ತಿರುಗಿ 1930ರಲ್ಲಿ ‘ಮೋಟೊರೋಲಾ’ ಎಂಬ ಹೆಸರಿನ ಕಾರ್ ರೇಡಿಯೊವನ್ನು ಹೊರತಂದಿತು. ಕಾರಿನಿಂದ ಕಳಚಿದ ಸ್ಟೀರಿಯೊವನ್ನು ಮನೆಯಲ್ಲಿ ನುಡಿಸಲು ಹೊರಡುವ ಇಂದಿನ ಹವ್ಯಾಸಿಗಳು ಆ ಕಾರ್ಖಾನೆಯ ಈ ಎರಡು ಸರಕುಗಳನ್ನು ಮತ್ತೆ ಒಂದೆಡೆ ಸೇರಿಸುತ್ತಾರೆ.

ಈಗಿನ ಕಾರುಗಳಿಗೆ ಟಚ್‌ಸ್ಕ್ರೀನ್ ಹಾಕಿಸಿಕೊಂಡ ಮೇಲೆ ಹಳೆಯ ಸ್ಟೀರಿಯೊಗಳು ಕೆಟ್ಟಿಲ್ಲದಿದ್ದರೂ ಮೂಲೆ ಸೇರುತ್ತವೆ. ಎಫ್‌ಎಂ ರೇಡಿಯೊ, ಪೆನ್‌ಡ್ರೈವ್ ಕಿಂಡಿ ಮತ್ತು ನಾಲ್ಕು ಸ್ಪೀಕರುಗಳಿಗೆ ಸಾಲುವ ಆಂಪ್ಲಿಫೈಯರ್, ಇವೆಲ್ಲ ಒಂದೇ ಪೆಟ್ಟಿಗೆಯಲ್ಲಿರುವುದರಿಂದ ಅವನ್ನು ಮನೆಯಲ್ಲಿ ಬಳಸುವ ಆಸೆ ಸಹಜವಾದುದು. ಬೆಂಗಳೂರಿನಲ್ಲಾದರೆ ಕಾರಿನ ಬಿಡಿಭಾಗಗಳಿಗೆ ಹೆಸರಾದ ಜೆ.ಸಿ. ರಸ್ತೆ ಮತ್ತು ಎಲೆಕ್ಟ್ರಾನಿಕ್ ಸಾಮಗ್ರಿಗಳಿಗೆ ಹೆಸರಾದ ಎಸ್.ಪಿ. ರಸ್ತೆ ಇದಕ್ಕೆ ಬೇಕಾದುದನ್ನೆಲ್ಲ ಒದಗಿಸುತ್ತವೆ. ಆದರೆ 12 ವೋಲ್ಟ್ ಕೊಟ್ಟರೆ ಕೆಲಸ ಮುಗಿಯಿತು ಎಂಬ ತಿಳಿವಳಿಕೆ ಅರ್ಧಸತ್ಯ. ಕಾರ್ ಸ್ಟೀರಿಯೊವನ್ನು ರೂಪಿಸಿರುವುದು ಬ್ಯಾಟರಿಯ ಗುಣಗಳನ್ನು ನಂಬಿಕೊಂಡು. ಆ ಗುಣಗಳನ್ನು ಒಂದೊಂದಾಗಿ ಮನೆಯಲ್ಲಿ ಒದಗಿಸಿಕೊಡುವುದೇ ಇಲ್ಲಿನ ನಿಜವಾದ ಕೆಲಸ.

ವೋಲ್ಟ್ ಮತ್ತು ವ್ಯಾಟ್‌ಗಳ ಲೆಕ್ಕ

ಕಾರಿನ ಬ್ಯಾಟರಿಯಲ್ಲಿ ಸುಮಾರು 2.1 ವೋಲ್ಟಿನ ಆರು ಕೋಶಗಳಿರುವುದರಿಂದ ಪೂರ್ಣ ಚಾರ್ಜ್ ಆದಾಗ ಅದರ ವೋಲ್ಟೇಜ್ 12.6ರ ಆಸುಪಾಸಿನಲ್ಲಿರುತ್ತದೆ. ಎಂಜಿನ್ ಚಾಲೂ ಆದೊಡನೆ ಆಲ್ಟರ್ನೇಟರ್, ಅಂದರೆ ಎಂಜಿನ್ನಿನ ಬಲದಿಂದ ತಿರುಗುತ್ತ ಬ್ಯಾಟರಿಯನ್ನು ಚಾರ್ಜ್ ಮಾಡುವ ಜನರೇಟರ್, ಅದನ್ನು 13.8ರಿಂದ 14.4 ವೋಲ್ಟ್‌ವರೆಗೆ ಏರಿಸುತ್ತದೆ. ತಯಾರಕರು ಸ್ಟೀರಿಯೊದ ಸಾಮರ್ಥ್ಯವನ್ನು ಹೇಳುವಾಗ ಸಾಮಾನ್ಯವಾಗಿ ಈ 14.4 ವೋಲ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಪೆಟ್ಟಿಗೆಯ ಮೇಲೆ ಮುದ್ರಿಸಿರುವ ‘50 ವ್ಯಾಟ್ × 4’ ಎಂಬ ಅಂಕಿಯ ಮೂಲವೂ ಅಲ್ಲಿದೆ. 14.4 ವೋಲ್ಟ್ ಪೂರ್ತಿಯಾಗಿ 4 ಓಮ್ ರೋಧವುಳ್ಳ ಸ್ಪೀಕರಿಗೆ ಸಿಕ್ಕರೆ ವೋಲ್ಟಿನ ವರ್ಗವನ್ನು ರೋಧದಿಂದ ಭಾಗಿಸಿದಾಗ ಸುಮಾರು 52 ವ್ಯಾಟ್ ದೊರೆಯುತ್ತದೆ. ಆದರೆ ಧ್ವನಿ ಸಂಪೂರ್ಣವಾಗಿ ವಿಕಾರಗೊಂಡು ಅಲೆಗಳು ಚೌಕಾಕಾರ ತಾಳಿದಾಗ ಮಾತ್ರ ಅದು ಸಾಧ್ಯ. ವಿಕಾರವಿಲ್ಲದ ಧ್ವನಿಗೆ ಸಿದ್ಧಾಂತದ ಪ್ರಕಾರವೇ ಅದರ ಅರ್ಧದಷ್ಟು, ಎಂದರೆ 26 ವ್ಯಾಟ್ ಸಿಕ್ಕೀತು. ಅದೇ ಸ್ಟೀರಿಯೊಗೆ ಮನೆಯಲ್ಲಿ 12 ವೋಲ್ಟ್ ಮಾತ್ರ ಕೊಟ್ಟರೆ ಈ ಮಿತಿ 18 ವ್ಯಾಟ್‌ಗೆ ಇಳಿಯುತ್ತದೆ. ಕೋಣೆಯಲ್ಲಿ ಕೇಳಲು ಅಷ್ಟು ಧಾರಾಳವಾಗಿ ಸಾಕಾದರೂ, ಹೆಚ್ಚು ವಾಲ್ಯೂಮಿನಲ್ಲಿ ಡೋಲು, ಮೃದಂಗಗಳ ಪೆಟ್ಟು ಬೇಗನೆ ಒಡೆದಂತೆ ಕೇಳುವುದಕ್ಕೆ ಕಾರಣ ಇದೇ.

ಬ್ಯಾಟರಿಯ ಎರಡನೆಯ ಗುಣ ಅದರ ಸಂಚಯ. ಸಣ್ಣ ಧ್ವನಿಯಲ್ಲಿ ಒಂದೆರಡು ಆಂಪಿಯರಿಗೆ ತೃಪ್ತವಾಗುವ ಸ್ಟೀರಿಯೊ ತಾಳವಾದ್ಯದ ಒಂದು ಪೆಟ್ಟಿಗೆ ಕ್ಷಣಮಾತ್ರ ಅದರ ಹಲವು ಪಟ್ಟು ವಿದ್ಯುತ್ತನ್ನು ಬೇಡಬಹುದು, ಮತ್ತು ಬ್ಯಾಟರಿ ಅದನ್ನು ಜಗ್ಗದೆ ಕೊಡುತ್ತದೆ. ಮೊಬೈಲ್ ಅಥವಾ ರೂಟರಿನ ಒಂದು ಆಂಪಿಯರ್ ಅಡಾಪ್ಟರಿಗೆ ಆ ಶಕ್ತಿ ಇಲ್ಲದ ಕಾರಣ ಸ್ಟೀರಿಯೊ ಹೊತ್ತಿಕೊಂಡರೂ ಧ್ವನಿ ಏರಿಸಿದೊಡನೆ ಆರಿಹೋಗುತ್ತದೆ. ಮನೆಯ ಬಳಕೆಗೆ 5 ಆಂಪಿಯರ್ ಕನಿಷ್ಠ. 10 ಆಂಪಿಯರ್ ಇದ್ದರೆ ನಿಶ್ಚಿಂತೆ.

ಎಲಿಮಿನೇಟರಿನ ಮೂರು ಬಗೆ

ಮೊದಲನೆಯದು ಟ್ರಾನ್ಸ್‌ಫಾರ್ಮರ್ ಆಧಾರಿತ ಹಳೆಯ ವಿಧಾನ. ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು ಮತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುವಂಥದು. ಟ್ರಾನ್ಸ್‌ಫಾರ್ಮರ್ ಅದನ್ನು 12 ವೋಲ್ಟಿಗೆ ಇಳಿಸುತ್ತದೆ, ನಾಲ್ಕು ಡಯೋಡುಗಳ ಬ್ರಿಜ್ ಅದನ್ನು ಏಕಮುಖವಾಗಿಸುತ್ತದೆ, ದೊಡ್ಡ ಕೆಪಾಸಿಟರ್ ಏರಿಳಿತಗಳನ್ನು ಸಮಗೊಳಿಸುತ್ತದೆ. ಕೆಪಾಸಿಟರ್ ಅಲೆಯ ಶಿಖರದವರೆಗೆ ತುಂಬಿಕೊಳ್ಳುವುದರಿಂದ, ಸ್ಟೀರಿಯೊ ಕಡಿಮೆ ವಿದ್ಯುತ್ತನ್ನು ಎಳೆಯುವಾಗ 12 ವೋಲ್ಟಿನ ಟ್ರಾನ್ಸ್‌ಫಾರ್ಮರಿನಿಂದ 15 ವೋಲ್ಟ್‌ಗೂ ಮಿಕ್ಕಿ ಹೊರಬರುತ್ತದೆ. ಭಾರ ಬಿದ್ದಾಗ ಅದು ಕುಸಿದು, ಸೆಕೆಂಡಿಗೆ ನೂರು ಕಂಪನಗಳ ಗುಂಯ್‌ಗುಡುವಿಕೆ ಸ್ಪೀಕರಿನಲ್ಲಿ ಕೇಳಿಸುತ್ತದೆ. ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಇಲ್ಲಿ ಅನಿವಾರ್ಯ. ಬ್ಯಾಟರಿಗೆಂದೇ ಮಾಡಿದ ಸಾದಾ ಚಾರ್ಜರನ್ನು ನೇರವಾಗಿ ಸ್ಟೀರಿಯೊಗೆ ಜೋಡಿಸಬಾರದೆನ್ನುವುದೂ ಇದೇ ಕಾರಣಕ್ಕೆ.

ಎರಡನೆಯದು ಎಸ್‌ಎಂಪಿಎಸ್. ವಿದ್ಯುತ್ತನ್ನು ಸೆಕೆಂಡಿಗೆ ಹಲವು ಸಾವಿರ ಬಾರಿ ಕತ್ತರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸಿ, ಸ್ಥಿರ ವೋಲ್ಟೇಜಿಗೆ ತರುವ ಈ ಸಾಧನ ಸಿಸಿಟಿವಿ ಮತ್ತು ಎಲ್‌ಇಡಿ ಪಟ್ಟಿಗಳಿಗಾಗಿ ಎಲ್ಲೆಡೆ ಮಾರಾಟವಾಗುತ್ತದೆ. ಇಂಥ ಬಹುಪಾಲು ಪೆಟ್ಟಿಗೆಗಳ ಅಂಚಿನಲ್ಲಿರುವ ಪುಟ್ಟ ತಿರುಪನ್ನು ಮಲ್ಟಿಮೀಟರ್ ನೋಡಿಕೊಂಡು ತಿರುಗಿಸಿದರೆ ವೋಲ್ಟೇಜನ್ನು 12ರಿಂದ ಒಂದಿಷ್ಟು ಮೇಲೇರಿಸಬಹುದು; 13.5ರ ಸಮೀಪ ತಲುಪಿದರೂ ಸ್ಟೀರಿಯೊಗೆ ಕಾರಿನ ವಾತಾವರಣವೇ ದೊರೆತಂತೆ. ಕತ್ತರಿಸುವ ಕ್ರಿಯೆಯಿಂದ ಹುಟ್ಟುವ ರೇಡಿಯೊ ಗದ್ದಲ ಎಫ್‌ಎಂಗೆ ಅಷ್ಟಾಗಿ ತಟ್ಟದಿದ್ದರೂ ಮಧ್ಯಮ ತರಂಗದ ನಿಲಯಗಳನ್ನು ಕೇಳುವವರನ್ನು ಕಾಡುತ್ತದೆ. ಅಂಥವರಿಗೆ ಟ್ರಾನ್ಸ್‌ಫಾರ್ಮರ್ ವಿಧಾನವೇ ಮೇಲು.

ಮೂರನೆಯದು ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ. ಅದರ ಹಸಿರು ತಂತಿಯನ್ನು ಕಪ್ಪು ತಂತಿಗೆ ಸೇರಿಸಿದರೆ ಅದು ಚಾಲೂ ಆಗಿ ಹಳದಿ ತಂತಿಯಲ್ಲಿ 12 ವೋಲ್ಟ್ ಕೊಡುತ್ತದೆ. ಆದರೆ ಕಂಪ್ಯೂಟರಿನ ಕೆಂಪು ತಂತಿಯಲ್ಲಿರುವುದು 5 ವೋಲ್ಟ್ ಮಾತ್ರ. ಬಣ್ಣಕ್ಕೆ ಬಣ್ಣ ಹೊಂದಿಸಿ ಸ್ಟೀರಿಯೊದ ಕೆಂಪು ತಂತಿಯನ್ನು ಅದಕ್ಕೆ ಸೇರಿಸಿದವರು ಸ್ಟೀರಿಯೊವೇ ಕೆಟ್ಟಿದೆ ಎಂಬ ತಪ್ಪು ತೀರ್ಮಾನಕ್ಕೆ ಬರುವುದುಂಟು.

ತಂತಿ, ಸ್ಪೀಕರ್, ಆಂಟೆನಾ

ಬಿಡಿಯಾಗಿ ಮಾರಾಟವಾಗುವ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಕಪ್ಪು ತಂತಿ ಬ್ಯಾಟರಿಯ ಋಣ ತುದಿಗೂ, ಹಳದಿ ತಂತಿ ಸದಾ ಇರುವ 12 ವೋಲ್ಟಿಗೂ, ಕೆಂಪು ತಂತಿ ಕೀಲಿ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟಿಗೂ ಸೇರುತ್ತವೆ. ಗಡಿಯಾರ ಮತ್ತು ನಿಲಯಗಳ ನೆನಪನ್ನು ಕಾಯುವುದು ಹಳದಿ. ಸ್ಟೀರಿಯೊವನ್ನು ಎಬ್ಬಿಸುವುದು ಕೆಂಪು. ಮನೆಯಲ್ಲಿ ಎರಡನ್ನೂ ಧನ ತುದಿಗೆ ಸೇರಿಸಬೇಕು, ಕೆಂಪು ತಂತಿಗೆ ಒಂದು ಸ್ವಿಚ್ ಇಟ್ಟರೆ ಅದೇ ಕಾರಿನ ಕೀಲಿಯಾಗುತ್ತದೆ. ಕಾರು ಕಂಪನಿಗಳೇ ಅಳವಡಿಸಿದ ಕೆಲವು ಸೆಟ್ಟುಗಳು ಮಾತ್ರ ವಿದ್ಯುತ್ ತಪ್ಪಿದ ಮೇಲೆ ಗುಪ್ತಸಂಖ್ಯೆ ಕೇಳುತ್ತವೆ, ಇಲ್ಲವೇ ಕಾರಿನ ಕಂಪ್ಯೂಟರಿನ ಸಂಕೇತವಿಲ್ಲದೆ ಏಳುವುದೇ ಇಲ್ಲ. ಕೊಳ್ಳುವ ಮುನ್ನ ಇದನ್ನು ವಿಚಾರಿಸಿಕೊಳ್ಳುವುದು ಒಳಿತು.

ಸ್ಪೀಕರಿನ ತಂತಿಗಳು ಜೋಡಿಜೋಡಿಯಾಗಿರುತ್ತವೆ. ಈ ಆಂಪ್ಲಿಫೈಯರುಗಳು ಸ್ಪೀಕರಿನ ಎರಡೂ ತುದಿಗಳನ್ನು ವಿರುದ್ಧ ದಿಕ್ಕಿನಲ್ಲಿ ನಡೆಸುವುದರಿಂದ ಋಣ ತಂತಿಗಳನ್ನು ಒಟ್ಟುಗೂಡಿಸಿದರೆ ಅಥವಾ ಕಪ್ಪು ತಂತಿಗೆ ಸೇರಿಸಿದರೆ ಸ್ಟೀರಿಯೊ ಸುಟ್ಟುಹೋಗಬಹುದು. ಮನೆಯ 8 ಓಮ್ ಸ್ಪೀಕರುಗಳನ್ನು ನಿರ್ಭಯವಾಗಿ ಬಳಸಬಹುದು, ಶಕ್ತಿ ಅರ್ಧವಾಗುತ್ತದೆ ಅಷ್ಟೆ. ಕಾರಿನ ಸ್ಪೀಕರುಗಳನ್ನೇ ಬಳಸುವುದಾದರೆ ಮರದ ಪೆಟ್ಟಿಗೆ ಬೇಕು. ಇಲ್ಲದಿದ್ದರೆ ಸ್ಪೀಕರಿನ ಮುಂದಿನ ಮತ್ತು ಹಿಂದಿನ ಅಲೆಗಳು ಒಂದನ್ನೊಂದು ಅಳಿಸಿ ತಗ್ಗು ಸ್ವರಗಳೇ ಕೇಳಿಸವು.

ಕಾರಿನ ಆಂಟೆನಾಕ್ಕೆ ಕಾರಿನ ಲೋಹದ ಮೈಯೇ ನೆಲವಾಗಿ ಒದಗುತ್ತದೆ, ಮನೆಯಲ್ಲಿ ಅದಿಲ್ಲ. ಆದರೂ ಆಂಟೆನಾ ಕಿಂಡಿಯ ನಡುವಿನ ತುದಿಗೆ ಅಲೆಯುದ್ದದ ಕಾಲುಭಾಗದಷ್ಟು, ಉದಾಹರಣೆಗೆ ಬೆಂಗಳೂರಿನ 101.3 ಎಫ್‌ಎಂಗೆ ಸುಮಾರು 74 ಸೆಂಟಿಮೀಟರ್ ಉದ್ದದ ತಂತಿಯನ್ನು ಜೋಡಿಸಿ ಕಿಟಕಿಯ ಬಳಿ ನೇರವಾಗಿ ನಿಲ್ಲಿಸಿದರೆ ಊರಿನ ನಿಲಯಗಳು ಸ್ಪಷ್ಟವಾಗುತ್ತವೆ.

ಸುರಕ್ಷತೆ ಮತ್ತು ನೆನಪು

12 ವೋಲ್ಟ್ ಮೈಗೆ ಅಪಾಯಕಾರಿಯಲ್ಲ. ಅಪಾಯವಿರುವುದು 230 ವೋಲ್ಟ್ ಪ್ರವೇಶಿಸುವ ಕಡೆ. ತಿರುಪುಗಳು ತೆರೆದಿರುವ ಎಸ್‌ಎಂಪಿಎಸ್ಸನ್ನು ಗಾಳಿಯಾಡುವ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಮೂರು ಪಿನ್ನಿನ ಪ್ಲಗ್ ಮೂಲಕ ಅದರ ಲೋಹದ ಕವಚಕ್ಕೆ ಅರ್ತಿಂಗ್ ಕೊಡುವುದು ಕಡ್ಡಾಯ. ಹಳದಿ ತಂತಿಯಲ್ಲಿರುವ ಫ್ಯೂಸನ್ನು ಮನೆಯಲ್ಲಿ ಬೇಡವೆಂದು ತೆಗೆಯುವಂತಿಲ್ಲ, ಏಕೆಂದರೆ ಶಾರ್ಟ್ ಆದಾಗ ತಂತಿ ಕಾದು ಬೆಂಕಿ ಹೊತ್ತದಂತೆ ತಡೆಯುವುದು ಅದೇ.

ಇಷ್ಟಾದ ಮೇಲೂ ಕರೆಂಟು ಹೋದಾಗಲೆಲ್ಲ ಹಳದಿ ತಂತಿ ಬರಿದಾಗಿ, ಗಡಿಯಾರವೂ ಹುಡುಕಿಟ್ಟ ನಿಲಯಗಳೂ ಅಳಿಸಿಹೋಗುತ್ತವೆ. ಇದಕ್ಕೆ ಸರಳ ಪರಿಹಾರವೆಂದರೆ ಕಂಪ್ಯೂಟರ್ ಯುಪಿಎಸ್‌ಗಳಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್-ಅವರ್ ಸಾಮರ್ಥ್ಯದ ಮುಚ್ಚಿದ ಬ್ಯಾಟರಿಯನ್ನು ಅದಕ್ಕೊಪ್ಪುವ, ಚಾರ್ಜಿನ ಆಂಪಿಯರನ್ನು ಮಿತಿಯಲ್ಲಿಡುವ ಚಾರ್ಜರಿನೊಂದಿಗೆ ಜೋಡಿಸುವುದು. ಆಗ ನೆನಪು ಉಳಿಯುತ್ತದೆ, ಮೃದಂಗದ ಪೆಟ್ಟಿಗೆ ಬೇಕಾದ ಸಂಚಯ ಒದಗುತ್ತದೆ, ಕರೆಂಟಿಲ್ಲದ ವೇಳೆಯಲ್ಲೂ ಮಿತವಾದ ಧ್ವನಿಯಲ್ಲಿ ಕೆಲವು ತಾಸು ರೇಡಿಯೊ ನುಡಿಯುತ್ತದೆ. ಬ್ಯಾಟರಿಯನ್ನು ಕೈಬಿಡಲು ಹೊರಟ ಈ ಪ್ರಯತ್ನ ಅಚ್ಚುಕಟ್ಟಾಗಬೇಕಾದರೆ ಚಿಕ್ಕದೊಂದು ಬ್ಯಾಟರಿಯನ್ನು ಮತ್ತೆ ಇರಿಸಿಕೊಳ್ಳುವುದೇ ಲೇಸು.